ಅಮಾತೆಪ್ಪ ತಂದ ಗ್ಯಾಸು

ಹುಸೇನಬಿಗೆ ಟ್ರಕ್ಕಿನಲ್ಲಿ ಜಾಗ ಇಲ್ಲ ಎಂದಷ್ಟೇ ಹೇಳಿ ಸುಮ್ಮನಾಗಿದ್ದರೆ ಅಮಾತೆಪ್ಪನ ಆ ದಿನವೂ ಉಳಿದ ದಿನಗಳ ಹಾಗೆ ಕಳೆದುಹೋಗುತ್ತಿತ್ತು. ಅವನು ಜಾಗ ಯಾಕಿಲ್ಲ ಎಂಬ ಕಾರಣವನ್ನೂ ಹೇಳಿದ.

ಭೋಪಾಳದಲ್ಲಿ ವಿಷದ ಗ್ಯಾಸು ಸೋರಿ ಜನ ಮಲಗಿದಲ್ಲೇ ಸತ್ತ ಸುದ್ದಿ ಇನ್ನೂ ಹಸಿಯಾಗಿದ್ದ ಬೇಸಿಗೆ ಅದು. ಇಳಕಲ್ಲಿನ ಸಂಗಯ್ಯ ಸಾವಕಾರರ ಐಸ್ ಫ್ಯಾಕ್ಟರಿಯಲ್ಲಿ ಅಮಾತೆಪ್ಪ ಗುಮಾಸ್ತನಾಗಿದ್ದ. ಐಸು ಕಟ್ಟಬೇಕಾದರೆ ಅಲ್ಲಿಯ ಯಂತ್ರಕ್ಕೆ ಉಚ್ಚೆಯ ಹಾಗೆ ಮೂಗಿಗೆ ಹೊಡೆಯುವ ಅಮೋನಿಯಾ ಗ್ಯಾಸು ಬೇಕು. ಅದು ಕಡಿಮೆಯಾಗಿ, ಲಗ್ನದ ಸುಗ್ಗಿಯಲ್ಲೇ ಐಸಿನ ಅಚ್ಚುಗಳಲ್ಲಿ ನೀರು ನೀರಾಗಿಯೇ ಉಳಿಯತೊಡಗಿತ್ತು. ಪ್ರತಿಸಲ ಬಾಗಲಕೋಟೆಯಿಂದ ಸಿಲಿಂಡರು ತರುತ್ತಿದ್ದ ಮಿಸ್ತ್ರಿ ಮಗಳ ಲಗ್ನಕ್ಕೆಂದು ಸೊಲ್ಲಾಪುರಕ್ಕೆ ಹೋಗಿದ್ದ. ಹಾಗಾಗಿ ಸಾವಕಾರರು ಅಮಾತೆಪ್ಪನನ್ನು ಕಳಿಸಿದರು. ಗ್ಯಾಸು ಬರದಿದ್ದರೆ ಫ್ಯಾಕ್ಟರಿಗೆ ಬೀಗ, ಫ್ಯಾಕ್ಟರಿಗೆ ಬೀಗ ಬಿದ್ದರೆ ಗುಮಾಸ್ತ ಯಾಕೆ ಬೇಕು ಎಂದೂ ಕೇಳಿದರು. ಮನೆಯಲ್ಲಿ ಹೆಂಡತಿ ಗುರುಸಿದ್ದವ್ವ ತುಂಬು ಬಸುರಿ. ಅಮಾತೆಪ್ಪ ಇಲ್ಲವೆನ್ನಲಿಲ್ಲ.

ಅವನು ಕುಕ್ಕರಿನ ಸೀಟಿಗೂ ಬೆಚ್ಚುವ ಮನುಷ್ಯ. ಬಾಗಲಕೋಟೆಯ ಡಿಪೋದ ಮ್ಯಾನೇಜರು ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದ ಒಂದೊಂದು ಮಾತನ್ನೂ ಮಂತ್ರದ ಹಾಗೆ ಬಾಯಿಪಾಠ ಮಾಡಿಕೊಂಡ. ಸಿಲಿಂಡರನ್ನು ನಿಲ್ಲಿಸಿಯೇ ಒಯ್ಯಬೇಕು, ಅಲುಗಾಡದಂತೆ ಹಗ್ಗ ಬಿಗಿಯಬೇಕು. ಬಿಸಿಲು ತಾಗದಂತೆ ಹಸಿ ಗೋಣಿ ಸುತ್ತಬೇಕು, ಗೋಣಿ ಒಣಗಿದಾಗೆಲ್ಲ ನೀರು ಹೊಡೆಯಬೇಕು. ಬೀಡಿ ಸೇದಬಾರದು. ಹಿಂದೆ ಯಾರನ್ನೂ ಕೂರಿಸಬಾರದು. ಸೋರಿತೆಂದರೆ ಗಾಳಿ ಎತ್ತ ಕಡೆಯಿಂದ ಬರುತ್ತಿದೆ ನೋಡಿ ಆ ಕಡೆ ನಿಂತು, ಮೂಗಿಗೆ ಹಸಿ ಬಟ್ಟೆ ಕಟ್ಟಿಕೊಂಡು, ಮೇಲಿನ ವಾಲ್ವು ತಿರುವಬೇಕು. ಆ ಗ್ಯಾಸು ಕಣ್ಣಿಗೆ ಹೋದರೆ ಕಣ್ಣು ಹೋಯಿತು, ಎದೆಗೆ ಹೋದರೆ ಎದೆ.

ಹಮಾಲರು ಆಗಲೇ ಗೋಣಿ ಸುತ್ತಿದ್ದ ಸಿಲಿಂಡರನ್ನು ಗೌಸಸಾಬನ ಹಸಿರು ಟ್ರಕ್ಕಿಗೆ ಏರಿಸಿದರು. ಗೌಸಸಾಬ ಬಿಳಿ ಗಡ್ಡದ ಹಳೆಯ ಡ್ರೈವರು, ಅವನ ಟ್ರಕ್ಕು ಅವನಿಗಿಂತ ಹಳೆಯದು. ಅಮಾತೆಪ್ಪ ಹೊರಡುವ ಮೊದಲೇ ತನ್ನ ಕೆಂಪು ಟಾವೆಲ್ಲನ್ನು ತೊಯ್ಸಿ ಕಣ್ಣಷ್ಟೇ ಕಾಣುವ ಹಾಗೆ ಮುಖಕ್ಕೆ ಬಿಗಿದುಕೊಂಡ.

ಬಸ್ ಸ್ಟ್ಯಾಂಡಿನ ಹತ್ತಿರ ಚಹಾಕ್ಕೆ ನಿಂತಾಗ ಬಳೆ ಮಾರುವ ಹುಸೇನಬಿ ಬುಟ್ಟಿ ಹೊತ್ತುಕೊಂಡು ಬಂದಳು. ಹಿಂದೆ ಖಾಲಿ ಇದೆಯಲ್ಲ, ಕಮತಗಿತನಕ ಕೂತು ಬರುತ್ತೇನೆ ಎಂದಳು. ಬೇಡವೆಂದರೂ ಒಂದು ಕಾಲು ಎತ್ತಿ ಟಯರಿನ ಮೇಲಿಟ್ಟಳು. ಅಮಾತೆಪ್ಪ ಟಾವೆಲ್ಲಿನೊಳಗಿಂದಲೇ ಹೇಳಿದ.

"ಹುಸೇನಬಿ, ಇದರಾಗ ಏನೈತಿ ಅಂತ ತಿಳದಿ? ಇದರ ಬಾಯಿ ಬಿಚ್ಚಿತಂದ್ರ ಭೋಪಾಳದ ಗತಿನ. ಊರಿಗೆ ಊರ ಮಲಗತೈತಿ."

ಹುಸೇನಬಿ ಕಾಲು ಇಳಿಸಿದಳು. ಸಿಲಿಂಡರನ್ನೊಮ್ಮೆ, ಅವನ ಕಣ್ಣುಗಳನ್ನೊಮ್ಮೆ ನೋಡಿದಳು. ಬುಟ್ಟಿ ಎತ್ತಿಕೊಂಡು, ಹೊರಟು ನಿಂತಿದ್ದ ಇಳಕಲ್ ಬಸ್ಸು ಹತ್ತಿದಳು. ಬಸ್ಸು ಹೋಯಿತು. ಹಗ್ಗದ ಗಂಟುಗಳನ್ನು ಇನ್ನೊಮ್ಮೆ ನೋಡಿ, ಗೋಣಿಗೆ ಇನ್ನೊಂದು ಕೊಡ ನೀರು ಹೊಡೆದು, ಬಹಳ ಹೊತ್ತಿನ ಮೇಲೆ ಅಮಾತೆಪ್ಪ ಹೊರಟ.

ತಗ್ಗು ಬಂದಲ್ಲೆಲ್ಲ ಅವನು ಗೌಸಸಾಬನ ತೋಳು ಹಿಡಿಯುತ್ತಿದ್ದ. ಟ್ರಕ್ಕು ಬಾಣಂತಿಯನ್ನು ಕೂರಿಸಿಕೊಂಡ ಚಕ್ಕಡಿಯ ಹಾಗೆ ಹೊರಟಿತ್ತು. ಸೈಕಲ್ಲಿನವರೂ ಅದನ್ನು ದಾಟಿ ಮುಂದೆ ಹೋದರು.

ಶಿರೂರಿನಲ್ಲಿ ಅಂಗಡಿಗಳು ಅರ್ಧ ಮುಚ್ಚಿದ್ದವು. ಬಾಗಿಲ ಸಂದಿಯಿಂದ ಯಾರೋ ನೋಡಿದಂತಾಗಿ, ಇವನು ತಿರುಗುವಷ್ಟರಲ್ಲಿ ಬಾಗಿಲು ಹಾಕಿಕೊಂಡಿತು. ಕಮತಗಿಗೆ ಬಂದಾಗ ಅಮಾತೆಪ್ಪನಿಗೆ ಏನೋ ಒಂದು ಕೊರತೆ ಅನ್ನಿಸಿತು. ಏನೆಂದು ತಿಳಿಯಲು ತುಸು ಹೊತ್ತು ಹಿಡಿಯಿತು. ನೇಕಾರರ ಊರಿನಲ್ಲಿ ಒಂದು ಮಗ್ಗವೂ ಸದ್ದು ಮಾಡುತ್ತಿರಲಿಲ್ಲ. ತೆರೆದ ಬಾಗಿಲೊಳಗೆ ಅರ್ಧ ನೇಯ್ದ ಸೀರೆ ಇತ್ತು, ಮುಂದೆ ಕೂರುವವನಿರಲಿಲ್ಲ.

"ಕಾಕಾ, ಇವತ್ತೇನರ ಬಂದ್ ಐತೇನು?"

"ಯಾರರ ದೊಡ್ಡವರು ಹೋಗಿರಬೇಕು," ಎಂದ ಗೌಸಸಾಬ. ಆದರೆ ಅವನೂ ಎರಡೂ ಕಡೆ ನೋಡುತ್ತ ಗಾಡಿ ಬಿಡುತ್ತಿದ್ದ.

ಅಮೀನಗಡದಲ್ಲಿ ಯಾರೂ ಇರಲಿಲ್ಲ.

ಹೆದ್ದಾರಿಯ ಬಸ್ಸುಗಳೆಲ್ಲ ನಿಲ್ಲುವ ಆ ಊರಲ್ಲಿ ಹಗಲುಹೊತ್ತಿನಲ್ಲಿ ರಸ್ತೆ ದಾಟುವುದೇ ಕಷ್ಟ. ಅಂದು ರಸ್ತೆಯ ನಡುವೆ ಬಿದ್ದಿದ್ದ ಒಂಟಿ ಚಪ್ಪಲಿಗಳು ಬಿಟ್ಟರೆ ಮತ್ತೇನೂ ಇರಲಿಲ್ಲ. ಕರದಂಟಿನ ಅಂಗಡಿಯ ಒಲೆ ಉರಿಯುತ್ತಿತ್ತು, ಮೇಲಿನ ಕಡಾಯಿಯಲ್ಲಿ ಬೆಲ್ಲದ ಪಾಕ ಕುದಿದು ಕುದಿದು ಕಪ್ಪಾಗುತ್ತಿತ್ತು. ನಲ್ಲಿಯ ಕೆಳಗಿನ ಕೊಡ ತುಂಬಿ ಹರಿಯುತ್ತಿತ್ತು. ಎಲ್ಲೋ ಒಳಗೆ ರೇಡಿಯೋದಲ್ಲಿ ಒಬ್ಬರು ಶೇಂಗಾ ಬೆಳೆಯ ರೋಗದ ಬಗ್ಗೆ ಖಾಲಿ ಮನೆಗೆ ತಿಳಿಸಿ ಹೇಳುತ್ತಿದ್ದರು. ಅಮಾತೆಪ್ಪ ಇಳಿದು ನಲ್ಲಿ ನಿಲ್ಲಿಸಿದ. ಆಗ ಇನ್ನೂ ಹೆಚ್ಚು ನಿಶ್ಶಬ್ದವಾಯಿತು.

"ನೀವೂ ಓಡ್ರಿ, ತಮ್ಮಾ."

ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ಒಬ್ಬ ಮುದುಕಿ ಕಾಲು ಚಾಚಿ ಕೂತಿದ್ದಳು. ಕಣ್ಣು ಬಿಳಿಚಿದ್ದವು, ಅವಳಿಗೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಹೆಸರು ಮಾಯವ್ವ ಎಂದಳು. ಊರವರೆಲ್ಲ ಗುಡ್ಡದ ಕಡೆ ಓಡಿದರಂತೆ, ಮಕ್ಕಳು ಹೊತ್ತೊಯ್ಯುತ್ತೇವೆಂದರೂ ತಾನೇ ಒಲ್ಲೆ ಎಂದಳಂತೆ.

"ಯಾಕ ಓಡ್ಯಾರ, ಯವ್ವಾ?" ಎಂದ ಅಮಾತೆಪ್ಪ. ಕೇಳಬಾರದಿತ್ತು ಅನ್ನಿಸಿತು.

"ಯಾವನೋ ಟ್ರಕ್ಕಿನ್ಯಾಗ ಸಾವು ತುಂಬಿಕೊಂಡು ಬರಾಕತ್ತಾನಂತ. ಆಳು ಆರಡಿ ಅಂತ. ಮಾರೀನ ಇಲ್ಲಂತ, ಬರೇ ಎರಡು ಕಣ್ಣು. ಅಂವ ನೋಡಿದ ಊರು ಊರಲ್ಲಂತ. ಶಿರೂರು ಮುಗೀತು, ಕಮತಗಿ ಮುಗೀತು."

ಅಮಾತೆಪ್ಪನ ಬೆನ್ನಿಗೆ ಸಂಗಯ್ಯನವರ ಫ್ಯಾಕ್ಟರಿಯ ಐಸು ಇಟ್ಟಂತಾಯಿತು. ಶಿರೂರನ್ನೂ ಕಮತಗಿಯನ್ನೂ ಅವನು ಕಣ್ಣಾರೆ ನೋಡಿಬಂದಿದ್ದ. "ಯಾವ ಕಡೀಂದ ಬರಾಕತ್ತಾನ?"

"ನೀವು ಬಂದ ಕಡೀಂದನ."

ಇಬ್ಬರೂ ಒಟ್ಟಿಗೆ ಹಿಂದಿನ ರಸ್ತೆ ನೋಡಿದರು. ಬಿಸಿಲಿನಲ್ಲಿ ರಸ್ತೆ ನೀರಿನ ಹಾಗೆ ನಡುಗುತ್ತಿತ್ತು, ಅದರಾಚೆ ಧೂಳಿನದೊಂದು ಸುಳಿ ಎದ್ದು ಇತ್ತಲೇ ಬರುತ್ತಿರುವಂತೆ ಕಂಡಿತು. ಅಮಾತೆಪ್ಪನ ಎತ್ತರ ಐದಡಿಗೂ ಕಡಿಮೆ, ಆ ಆರಡಿಯ ಮಾರಿಯಿಲ್ಲದವನು ತಾನೇ ಇರಬಹುದೆಂಬ ಯೋಚನೆ ಅವನ ತಲೆಯ ಹತ್ತಿರಕ್ಕೂ ಸುಳಿಯಲಿಲ್ಲ. ಮುದುಕಿಯನ್ನು ಟ್ರಕ್ಕಿಗೆ ಕರೆದ. ಅವಳು ಒಲ್ಲೆನೆಂದು, ಹೋಗುವವರು ಉಪವಾಸ ಹೋಗಬಾರದೆಂದು ಕರದಂಟಿನ ಒಂದು ತುಂಡು ಅವನ ಕೈಯಲ್ಲಿಟ್ಟಳು.

ಅಲ್ಲಿಂದ ಮುಂದೆ ಡಿಪೋದ ಒಂದು ಮಂತ್ರವೂ ನೆನಪಿಗೆ ಬರಲಿಲ್ಲ. ತಗ್ಗು ದಿಣ್ಣೆ ನೋಡದೆ ಗೌಸಸಾಬ ಟ್ರಕ್ಕನ್ನು ಹೊಡೆದ. ಗೋಣಿ ಒಣಗಿ ಗರಿಗರಿಯಾಯಿತು, ಸಿಲಿಂಡರು ಹಗ್ಗದೊಳಗೇ ಕುಣಿಯಿತು. ಅಮಾತೆಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆಯೇ ನೋಡುತ್ತಿದ್ದ. ಎಷ್ಟು ಜೋರಾಗಿ ಹೋದರೂ ಆ ಧೂಳು ಅಷ್ಟೇ ಜೋರಾಗಿ ಬೆನ್ನು ಹತ್ತಿ ಬರುತ್ತಿತ್ತು.

ಹುನಗುಂದದ ಬಾಯಲ್ಲೇ ರಸ್ತೆಗೆ ಅಡ್ಡವಾಗಿ ಚಕ್ಕಡಿಗಳನ್ನು ನಿಲ್ಲಿಸಿದ್ದರು. ಎತ್ತುಗಳೂ ಇರಲಿಲ್ಲ, ಮನುಷ್ಯರೂ ಇರಲಿಲ್ಲ. ಬಾಗಿಲು ಹಾಕಿದ ಯಾವುದೋ ಮನೆಯೊಳಗಿಂದ ಲೌಡ್‌ಸ್ಪೀಕರಿನಲ್ಲಿ ಒಂದು ದನಿ ಮಾತ್ರ ಬರುತ್ತಿತ್ತು. ದನಿ ನಿಧಾನವಾಗಿ, ಹೇಳಿದ್ದನ್ನೇ ತಿರುಗಿ ಹೇಳುತ್ತಿತ್ತು.

"ಟ್ರಕ್ಕಿನ ಬಣ್ಣ ಹಸಿರು. ಮುಂದಿನ ದೀಪ ಒಂದ ಐತಿ, ಇನ್ನೊಂದು ಒಡದೈತಿ. ಡ್ರೈವರಗ ಬಿಳೇ ಗಡ್ಡ. ಬಾಜೂಕ ಕುಂತವನ ಮಾರಿಗೆ ಕೆಂಪು ಅರಿವಿ. ಕಂಡಕೂಡಲೆ ಉಸಿರು ಹಿಡೀರಿ."

ಗೌಸಸಾಬ ಎಂಜಿನ್ ಬಂದ್ ಮಾಡಿದ. ಗಡ್ಡ ಸವರಿಕೊಂಡ. ಕೆಳಗಿಳಿದು ಹೋಗಿ ತನ್ನ ಟ್ರಕ್ಕಿನ ಒಡೆದ ದೀಪವನ್ನು ಮೊದಲ ಸಲ ನೋಡುವವನ ಹಾಗೆ ನೋಡಿ ಬಂದ.

"ಅಮಾತೆಪ್ಪಾ, ಅಂವ ನೀನ ನೋಡು," ಎಂದ.

ಅಮಾತೆಪ್ಪ ಟಾವೆಲ್ಲನ್ನು ಮುಟ್ಟಿ ನೋಡಿಕೊಂಡ. ಬಸ್ ಸ್ಟ್ಯಾಂಡು, ಹುಸೇನಬಿ, ತಾನಾಡಿದ ಮಾತು ಎಲ್ಲ ಒಂದರ ಹಿಂದೊಂದು ಬಂದು ಎದುರಿಗೆ ನಿಂತವು. ಬಸ್ಸು ಇಷ್ಟುಹೊತ್ತಿಗೆ ಇಳಕಲ್ ಮುಟ್ಟಿರಬೇಕು. ಇಳಕಲ್ಲಿನಲ್ಲೂ ಜನ ಓಡುತ್ತಿರಬೇಕು. ಆ ಹೊಟ್ಟೆ ಹೊತ್ತು, ಈ ಬಿಸಿಲಲ್ಲಿ, ಗುರುಸಿದ್ದವ್ವ ಓಡುತ್ತಿರಬೇಕು.

ಟ್ರಕ್ಕು ಕಂಡು ಲೌಡ್‌ಸ್ಪೀಕರಿನ ದನಿಯೂ ನಿಂತ ಆ ಮೌನದಲ್ಲಿ ಹಿಂದಿನಿಂದ ಸಣ್ಣ ಸದ್ದೊಂದು ಕೇಳಿಸಿತು. ಸ್ ಸ್ ಎಂದು, ಮಲಗಿದ ಮಗುವಿನ ಹತ್ತಿರ ಯಾರೋ ಸದ್ದು ಮಾಡಬೇಡಿರೆಂದು ಹೇಳಿದ ಹಾಗೆ.

ಗೌಸಸಾಬನ ಮುಖ ಅವನ ಗಡ್ಡದ ಬಣ್ಣಕ್ಕೆ ತಿರುಗಿತು. ಓಡಬೇಕೆಂದು ಅಮಾತೆಪ್ಪನಿಗೂ ಅನ್ನಿಸಿತು. ಆದರೆ ಮುಚ್ಚಿದ ಬಾಗಿಲುಗಳ ಹಿಂದೆ ಜನ ಉಸಿರು ಹಿಡಿದು ಕೂತಿದ್ದಾರೆ, ಎಲ್ಲೋ ಒಂದು ಕೂಸು ಅತ್ತದ್ದೂ ಕೇಳಿಸಿತು. ಅವನು ಒಂದು ಹಿಡಿ ಮಣ್ಣು ಎತ್ತಿ ಗಾಳಿಗೆ ತೂರಿ, ಗಾಳಿ ಬರುವ ಕಡೆ ಯಾವುದೆಂದು ನೋಡಿದ. ಉಳಿದ ನೀರನ್ನೆಲ್ಲ ಟಾವೆಲ್ಲಿಗೂ ಗೋಣಿಗೂ ಸುರಿದ. ವಾಲ್ವು ತಿರುವುವ ಪಾನಾ ಹಿಡಿದು ಟ್ರಕ್ಕು ಹತ್ತಿದ. ಎದೆ ಉರಿಯುತ್ತಿತ್ತು, ಕಣ್ಣಿನಲ್ಲಿ ನೀರು ಸುರಿದು ವಾಲ್ವು ಎರಡೆರಡಾಗಿ ಕಾಣುತ್ತಿತ್ತು. ಪಾನಾ ಮೂರ್ನಾಲ್ಕು ಸಲ ಜಾರಿತು. ಕೊನೆಗೊಮ್ಮೆ ವಾಲ್ವು ತಿರುಗಿತು, ಸದ್ದು ನಿಂತಿತು. ಕೆಳಗೆ ಗೌಸಸಾಬ ಕೆಮ್ಮಿ ಕೆಮ್ಮಿ ರಸ್ತೆಯ ಮೇಲೆ ಉರುಳಿದ್ದ, ಅಲ್ಲಿಲ್ಲದ ತನ್ನ ಮಕ್ಕಳಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದ.

ಯಾರೂ ನೋಡಲಿಲ್ಲ. ಇಬ್ಬರೇ ಚಕ್ಕಡಿಗಳನ್ನು ಸರಿಸಿಕೊಂಡು ಮುಂದೆ ಹೋದರು.

ಇಳಕಲ್ಲಿನ ಓಣಿಯಲ್ಲಿ ಸೀರೆ ನೇಯಲು ಉದ್ದಕ್ಕೆ ಚಾಚಿದ ನೂಲಿನ ಹಾಸು ಹಾಗೇ ಇತ್ತು. ನೂಲಿನ ಮೇಲೆ ಗಾಳಿ ಆಡಿದಾಗ ಉದ್ದಕ್ಕೂ ಯಾರೋ ಬೆರಳು ಎಳೆದಂತೆ ಕಾಣುತ್ತಿತ್ತು. ಮನೆಯ ಬಾಗಿಲು ತೆರೆದಿತ್ತು. ಹಂಚಿನ ಮೇಲೆ ರೊಟ್ಟಿ ಕರಕಾಗಿ ಹೊಗೆಯಾಡುತ್ತಿತ್ತು. ಗುರುಸಿದ್ದವ್ವನ ಚಪ್ಪಲಿ ಮೂಲೆಯಲ್ಲೇ ಇದ್ದವು. ಅಮಾತೆಪ್ಪ ಅವಳನ್ನು ಕರೆದ, ಪಕ್ಕದ ಮನೆಯವರನ್ನು ಕರೆದ. ಊರಲ್ಲಿ ಅವನ ದನಿ ಒಂದೇ ತಿರುಗಾಡಿ ಅವನ ಹತ್ತಿರವೇ ಬಂತು.

ಹೆಂಡತಿಯನ್ನು ಎಲ್ಲಿ ಹುಡುಕುವುದು? ಮೊದಲು ಈ ಪೀಡೆಯನ್ನು ಇಳಿಸೋಣ ಎಂದ ಗೌಸಸಾಬ. ಫ್ಯಾಕ್ಟರಿಗೆ ಹೋಗಿ, ಹಲಗೆ ಇಳಿಜಾರಾಗಿ ಕೊಟ್ಟು, ಹಳೇ ಟಯರಿನ ಮೇಲೆ ಸಿಲಿಂಡರನ್ನು ಮೆಲ್ಲಗೆ ಇಳಿಸಿ ನೆರಳಲ್ಲಿ ನಿಲ್ಲಿಸಿದರು. ಆಗ ಕತ್ತಲೆ ಫ್ಯಾಕ್ಟರಿಯ ಒಳಗಿಂದ ಬಡಿದ ಸದ್ದು ಬಂತು. ಢಬ್. ತುಸು ಬಿಟ್ಟು ಮತ್ತೆ ಢಬ್. ಐಸು ಇಡುವ ಕೋಣೆಯ ದಪ್ಪ ಬಾಗಿಲನ್ನು ಒಳಗಿನಿಂದ ಯಾರೋ ಬಡಿಯುತ್ತಿದ್ದರು.

ಗೌಸಸಾಬ ಕಲಿಮಾ ಹೇಳತೊಡಗಿದ. ಅಮಾತೆಪ್ಪ ಕಣ್ಣು ಮುಚ್ಚಿಕೊಂಡೇ ಚಿಲಕ ತೆಗೆದ. ತಣ್ಣನೆಯ ಮಬ್ಬಿನೊಳಗಿಂದ ಕಂಬಳಿ ಹೊದ್ದ ಆಕೃತಿಯೊಂದು ಹಲ್ಲು ಕಟಕಟಿಸುತ್ತ ಹೊರಗೆ ಬಂತು. ಸಂಗಯ್ಯ ಸಾವಕಾರರು. ಗ್ಯಾಸು ನುಗ್ಗದ ಜಾಗ ಅದೊಂದೇ ಎಂದು ಒಳಗೆ ಹೊಕ್ಕಿದ್ದರು, ಬಾಗಿಲ ಚಿಲಕ ಹೊರಗಿನಿಂದ ಬಿದ್ದುಬಿಟ್ಟಿತ್ತು.

"ಊರಾಗ ಎಷ್ಟು ಮಂದಿ ಉಳದಾರ?" ಎಂದರು ಸಾವಕಾರರು.

ಅಮಾತೆಪ್ಪ ನಡೆದದ್ದನ್ನೆಲ್ಲ ಹೇಳಿದ. ಹುನಗುಂದದಲ್ಲಿ ತಾನು ವಾಲ್ವು ತಿರುವಿದ್ದನ್ನು ಹೇಳುವಾಗ ದನಿ ತುಸು ಗಟ್ಟಿಯಾಯಿತು. ಸಾವಕಾರರು ಸಿಲಿಂಡರಿನ ಹತ್ತಿರ ಹೋಗಿ, ದೂರದಿಂದಲೇ ಕೋಲಿನಿಂದ ಗೋಣಿ ಸರಿಸಿದರು. ಕಪ್ಪು ಬಣ್ಣದ ಮೇಲೆ ಬಿಳಿ ಅಕ್ಷರಗಳಿದ್ದವು. ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಕೂಡಿಸಿದರು. ಆಮೇಲೆ ಕಂಬಳಿ ಕೆಳಗೆ ಹಾಕಿ ಅದರ ಮೇಲೆ ಕೂತರು.

"ಅಮಾತೆಪ್ಪಾ, ಇದು ಆಕ್ಸಿಜನ್ನೋ."

"ಅದು ಇದಕ್ಕಿಂತ ಕೆಟ್ಟದ್ದೇನ್ರಿ?"

"ದವಾಖಾನ್ಯಾಗ ದಮ್ಮು ಹತ್ತಿದವರಿಗೆ ಮೂಗಿಗೆ ಹಿಡೀತಾರಲ್ಲ, ಅದು. ವೆಲ್ಡಿಂಗ್ ಮಾಡೋರು ಒಯ್ತಾರ. ಡಿಪೋದಾಗ ಅದಲಿಬದಲಿ ಮಾಡ್ಯಾರ."

ಹಾಗಾದರೆ ಹುನಗುಂದದಲ್ಲಿ ನಾವು ಕೆಮ್ಮಿದ್ದೇನು ಎಂದು ಗೌಸಸಾಬ ಕೇಳಿದ. ಇಬ್ಬರೂ ಜೀವನದಲ್ಲೇ ಕುಡಿಯದಷ್ಟು ಚೊಕ್ಕ ಗಾಳಿ ಕುಡಿದು ಬಂದಿದ್ದರು.

ಊರವರು ಕೆಂಪು ಕಲ್ಲಿನ ಕ್ವಾರಿಯಲ್ಲಿ ಅಡಗಿದ್ದಾರೆಂದು ಸಾವಕಾರರು ಹೇಳಿದ ಮೇಲೆ ಗೌಸಸಾಬ ಟ್ರಕ್ಕು ತೆಗೆದುಕೊಂಡು ಹೋದ. ಸಂಜೆಯ ಹೊತ್ತಿಗೆ ಜನ ಕಲ್ಲಿನ ಧೂಳು ಮೆತ್ತಿಕೊಂಡು ಗುಂಪು ಗುಂಪಾಗಿ ಮರಳಿದರು. ಗುರುಸಿದ್ದವ್ವ ಯಾರದೋ ಚಪ್ಪಲಿ ಮೆಟ್ಟಿಕೊಂಡು ಟ್ರಕ್ಕಿನಿಂದ ಇಳಿದಳು. ಅವಳು ಗಟ್ಟಿಮುಟ್ಟಾಗಿದ್ದಳು. ಕ್ವಾರಿಯಲ್ಲಿ ಎಲ್ಲರ ಜೊತೆ ಕೂಡಿ ತಾನೂ ಆ ಮಾರಿಯಿಲ್ಲದವನ ಹೆಂಡತಿ ಮುಂಡೆಯಾಗಲೆಂದು ಬೈದಿದ್ದಳಂತೆ. ಹೇಳುವಾಗ ನಾಲಿಗೆ ಕಚ್ಚಿಕೊಂಡಳು.

ಫ್ಯಾಕ್ಟರಿಯ ಮುಂದೆ ಜಾತ್ರೆಯಷ್ಟು ಜನ ಸೇರಿದರು. ಮೊದಲು ಬೈದರು. ಆಕ್ಸಿಜನ್ ಎಂದರೇನೆಂದು ತಿಳಿದ ಮೇಲೆ ನಗು ಶುರುವಾಯಿತು. ಉಸಿರಿಗೆ ಹೆದರಿ ಉಸಿರುಗಟ್ಟಿ ಓಡಿದೆವಲ್ಲ ಎಂದು ಒಬ್ಬ ಅಂದ. ತಮ್ಮಜ್ಜನಿಗೆ ದಮ್ಮು, ಅಮಾತೆಪ್ಪನನ್ನು ಮನೆಗೆ ಕಳಿಸಿರಿ ಎಂದು ಇನ್ನೊಬ್ಬ ಅಂದ. ಅಮಾತೆಪ್ಪ ಟಾವೆಲ್ಲನ್ನು ಹೆಗಲಿಗೆ ಹಾಕಿಕೊಂಡು ತಲೆ ಬಗ್ಗಿಸಿ ನಿಂತಿದ್ದ. ನಗಲಿ, ಎಲ್ಲರೂ ಬದುಕಿದ್ದಾರಲ್ಲ ಎಂದು ಒಳಗೊಳಗೇ ಸಮಾಧಾನವೂ ಆಗಿತ್ತು.

ಅಷ್ಟರಲ್ಲಿ ಗುಡೂರಿನ ಕಡೆಯಿಂದ ಬಂದ ಬಾದಾಮಿಯ ಬಸ್ಸು ಜನರನ್ನು ಕಂಡು ಅಲ್ಲೇ ನಿಂತಿತು. ಅದರ ಟಾಪಿನಿಂದ ಒಬ್ಬ ಇಣುಕಿ, ಐಸ್ ಫ್ಯಾಕ್ಟರಿ ಇದೇ ಏನು ಎಂದು ಕೇಳಿದ. ಬಾದಾಮಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಜಲಾಲುದ್ದೀನ ಅವನು. ಡಿಪೋದಿಂದ ತಾನು ಒಯ್ದ ಸಿಲಿಂಡರಿಗೆ ತನ್ನ ಪೈಪು ಕೂಡಲಿಲ್ಲ, ಫೋನ್ ಮಾಡಿ ಕೇಳಿದರೆ ತನ್ನದು ಇಳಕಲ್ಲಿಗೆ ಹೋಗಿದೆ ಎಂದರು, ಅದಕ್ಕೇ ಇದನ್ನು ಹಾಕಿಕೊಂಡು ಬಂದೆ ಎಂದ. ಮಾತಾಡುತ್ತಲೇ ಬೀಡಿಯ ಬೂದಿ ಕೊಡವಿದ.

ಸಿಲಿಂಡರು ಟಾಪಿನ ಮೇಲೆ ಅಡ್ಡ ಮಲಗಿತ್ತು. ಅದಕ್ಕೆ ಒರಗಿ ಇಬ್ಬರು ಇಸ್ಪೀಟು ಆಡುತ್ತಿದ್ದರು. ಒಂದು ಆಡನ್ನು ಅದಕ್ಕೇ ಕಟ್ಟಿದ್ದರು.

ಅಮಾತೆಪ್ಪ ಎರಡೂ ಕೈ ಎತ್ತಿದ. "ಖರೇ ಗ್ಯಾಸು ಅದರಾಗ ಐತ್ರೀ. ಮೆತ್ತಗ ಇಳಸ್ರಿ. ಎಲ್ಲಾರೂ ದೂರ ಸರೀರಿ."

ಒಬ್ಬರೂ ಸರಿಯಲಿಲ್ಲ. ನಗು ಮೊದಲಿಗಿಂತ ಜೋರಾಯಿತು. ಸಾವಕಾರರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿದ್ದವನೊಬ್ಬ ಉಸಿರು ಹಿಡಿದು ಸತ್ತವನ ಹಾಗೆ ನೆಲಕ್ಕೆ ಬಿದ್ದು ತೋರಿಸಿದ. ಟಾಪಿನವರು ಆಡನ್ನು ಬಿಚ್ಚಿ ಸಿಲಿಂಡರನ್ನು ಕಾಲಿನಿಂದ ಉರುಳಿಸಿದರು. ಅದು ಏಣಿಗೆ ಒಮ್ಮೆ, ನೆಲಕ್ಕೆ ಒಮ್ಮೆ ಬಡಿದು ಜನರ ನಡುವೆ ಬಂದು ನಿಂತಿತು.

ಅಮಾತೆಪ್ಪ ಹೆಂಡತಿಯ ಕೈ ಹಿಡಿದು, ಕ್ವಾರಿಗೆ ಹೋಗೋಣ ನಡಿ ಎಂದ.

"ಒಮ್ಮೆ ಹೋಗಿ ಬಂದೇನಿ, ಸಾಕು," ಎಂದಳು ಗುರುಸಿದ್ದವ್ವ. "ಕಾಲು ಬಿದ್ದುಹೋಗ್ಯಾವ." ಹತ್ತಿರ ಕೂರಲು ಬೇರೇನೂ ಇರಲಿಲ್ಲ. ಉಸ್ಸೆಂದು ಆ ಸಿಲಿಂಡರಿನ ಮೇಲೆಯೇ ಕೂತಳು. ಮರುಗಳಿಗೆಗೆ ಮೂಗಿಗೆ ಸೆರಗು ಹಿಡಿದಳು. "ಇಸ್ಸೀ, ಆಡು ಇದರ ಮ್ಯಾಲೆ ಉಚ್ಚಿ ಹೊಯ್ದೈತಿ."

"ಗುಡೂರಿಂದ ಹಂಗ ನಾರಾಕತ್ತೈತ್ರಿ," ಎಂದ ಜಲಾಲುದ್ದೀನ. "ಆ ಆಡಿನ ದೆಸೀಂದ ಕಣ್ಣು ಉರದು ಸಾಕಾಗೈತಿ."

ಅಮಾತೆಪ್ಪ ಗೌಸಸಾಬನ ಕಡೆ ನೋಡಿದ. ಗೌಸಸಾಬ ಅಲ್ಲಿರಲಿಲ್ಲ. ಹಸಿರು ಟ್ರಕ್ಕು ಗಾಳಿ ಬರುವ ದಿಕ್ಕಿಗೆ ತಿರುಗಿ, ತಗ್ಗು ದಿಣ್ಣೆ ನೋಡದೆ ಓಡುತ್ತಿತ್ತು.

ಅವನು ಹೆಗಲಿನ ಟಾವೆಲ್ಲನ್ನು ಫ್ಯಾಕ್ಟರಿಯ ತೊಟ್ಟಿಯಲ್ಲಿ ಅದ್ದಿ ತಂದ. ಹೆಂಡತಿಯನ್ನು ರಟ್ಟೆ ಹಿಡಿದು ಎಬ್ಬಿಸಿದ, ಜನರೆದುರು ಇದೇನು ಹುಚ್ಚಾಟ ಎಂದು ಅವಳು ಬಯ್ಯುತ್ತಿದ್ದಂತೆಯೇ ಟಾವೆಲ್ಲನ್ನು ಅವಳ ಮುಖಕ್ಕೆ ಬಿಗಿದು ದೂರ ದಬ್ಬಿದ. ಇದ್ದದ್ದು ಅದೊಂದೇ ಟಾವೆಲ್ಲು. ಆಮೇಲೆ ಉಸಿರು ಹಿಡಿದು, ಫ್ಯಾಕ್ಟರಿಯ ಪಾನಾ ತೆಗೆದುಕೊಂಡು, ಸಿಲಿಂಡರಿನ ಪಕ್ಕ ಮೊಣಕಾಲೂರಿದ. ಸುತ್ತ ಊರಿಗೆ ಊರೇ ಕೈ ತಟ್ಟಿ ನಗುತ್ತ ಹತ್ತಿರ ಹತ್ತಿರ ಬಂತು.

ಮುಂದಿನ ಸಾಲಿನಲ್ಲಿ ನಗುತ್ತಿದ್ದವನೊಬ್ಬ ಕೆಮ್ಮಿದ.